ಬಿ.ಎಚ್. ರಸ್ತೆಯ ‘ಎಚ್’ ತನಕ, ಪದ್ಮಿನಿಯಲ್ಲಿ

ತುಮಕೂರಿನವರು ದಿನಕ್ಕೆ ಹತ್ತು ಸಲ ‘ಬಿ.ಎಚ್. ರೋಡು’ ಅನ್ನುತ್ತೇವೆ. ಅದರಲ್ಲಿರುವ ‘ಎಚ್’ ಹೊನ್ನಾವರ ಅನ್ನುವುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಟೌನ್‌ಹಾಲ್ ಸರ್ಕಲ್ಲಿನಿಂದ ಗುಬ್ಬಿ ಕಡೆ ಮುಖ ಮಾಡಿ ಹೊರಟರೆ ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ತಾಳಗುಪ್ಪ, ಮಾವಿನಗುಂಡಿ. ಆಮೇಲೆ ಗೇರುಸೊಪ್ಪೆ ಘಾಟಿ ಇಳಿದರೆ ಶರಾವತಿಯ ಜೊತೆಜೊತೆಗೇ ಸಮುದ್ರ. ಸುಮಾರು 370 ಕಿ.ಮೀ. ಹೊಸ ಕಾರಿಗೆ ಒಂದು ಹಗಲಿನ ಕೆಲಸ. ಪ್ರೀಮಿಯರ್ ಪದ್ಮಿನಿಯಾದರೆ ಎರಡು ದಿನ ಇಟ್ಟುಕೊಳ್ಳಿ, ರಾತ್ರಿ ಶಿವಮೊಗ್ಗದಲ್ಲೋ ಸಾಗರದಲ್ಲೋ ಉಳಿಯಿರಿ.

1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಮುಂಬಯಿಯ ಕುರ್ಲಾದಲ್ಲಿ ಶುರುವಾದ ಗಾಡಿ ಇದು, ಪದ್ಮಿನಿ ಅನ್ನುವ ಹೆಸರು 1970ರ ದಶಕದಲ್ಲಿ ಬಂತು. 1089 ಸಿ.ಸಿ. ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ‘ಎಲ್ಲಿ ಕೈಕೊಡುತ್ತದೋ’ ಎಂಬ ಹೆದರಿಕೆ ಇದರ ಬಗ್ಗೆ ಎಲ್ಲರಿಗೂ ಇದೆ. ನಿಜ ಹೇಳಬೇಕೆಂದರೆ ಈ ಗಾಡಿಯ ಪಿಸ್ಟನ್ನೋ ಕ್ರ್ಯಾಂಕೋ ದಾರಿಯಲ್ಲಿ ಹೋಗುವುದು ತೀರ ಕಡಿಮೆ. ನಿಲ್ಲಿಸುವುದು ಕಂಡೆನ್ಸರ್ (ಕಿಡಿ ಗಟ್ಟಿಯಾಗಿ ಬರಲು ಬೇಕಾದ ಪುಟ್ಟ ಬಿಡಿಭಾಗ), ರಬ್ಬರ್ ಪೈಪು, ಫ್ಯಾನ್ ಬೆಲ್ಟ್, ಟ್ಯಾಂಕಿನ ತುಕ್ಕು. ಅದೂ ಬಿಸಿ ಏರಿದ ಮೇಲೆ. ಊರೊಳಗೆ ಹತ್ತು ಕಿಲೋಮೀಟರ್ ಓಡಿಸಿ ‘ಗಾಡಿ ಚೆನ್ನಾಗಿದೆ’ ಅಂದುಕೊಂಡರೆ ಮೋಸ ಹೋಗುತ್ತೀರಿ, ಅಷ್ಟರಲ್ಲಿ ಬಿಸಿಯೇ ಏರಿರುವುದಿಲ್ಲ. ಹೊರಡುವ ವಾರದ ಮುಂಚೆ ಮಧ್ಯಾಹ್ನದ ಬಿಸಿಲಲ್ಲಿ ತಿಪಟೂರಿಗೆ ಹೋಗಿ ಬನ್ನಿ. ಹೋಗಿ ಬರಲು ಸುಮಾರು 150 ಕಿ.ಮೀ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ನಡುವೆ ಕೆಟ್ಟರೂ ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ಅಂತ ಜನ ಇರುವ ಊರುಗಳಿವೆ, ಮನೆಗೆ ವಾಪಸ್ ಬರಲು ರೈಲೂ ಇದೆ.

ಮೊದಲು ಪೆಟ್ರೋಲಿನ ಕಡೆ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರಿಗೂ ಎಥನಾಲಿಗೂ ಆಗಿಬರುವುದಿಲ್ಲ. ಪೈಪು ಒಳಗಿನಿಂದ ಮೆತ್ತಗಾಗಿ ಕಪ್ಪು ಚೂರು ಬಿಡುತ್ತದೆ, ಆ ಚೂರು ಕಾರ್ಬುರೇಟರ್ ಜೆಟ್ಟಿಗೆ ಹೋಗಿ ಕೂರುತ್ತದೆ. ಪಂಪಿನ ಡಯಾಫ್ರಾಮಿಗೂ ಅದೇ ಗತಿ. ಡಯಾಫ್ರಾಮ್ ತೂತಾದರೆ ಪೆಟ್ರೋಲ್ ಹೊರಗೆ ಸೋರದೆ ಎಂಜಿನ್ ಆಯಿಲಿಗೆ ಸೇರುವುದೂ ಉಂಟು. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್ ಮಟ್ಟ ತಾನಾಗಿ ಏರಿದ್ದು ಪೆಟ್ರೋಲ್ ವಾಸನೆ ಹೊಡೆದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಪಂಪ್ ಸರಿಪಡಿಸಿ, ಆಯಿಲ್ ಬದಲಾಯಿಸಿ ಆಮೇಲೆ ಮುಂದಿನ ಮಾತು. ಟ್ಯಾಂಕಿನಿಂದ ಕಾರ್ಬುರೇಟರ್ ತನಕ ಇರುವ ಅಷ್ಟೂ ರಬ್ಬರ್ ಪೈಪನ್ನು ‘ಆರ್9’ ಎಂದು ಮೈಮೇಲೆ ಅಚ್ಚಾಗಿರುವ ಪೈಪಿಗೆ ಬದಲಾಯಿಸಿ. ಎಲ್ಲ ಸೇರಿ ಎರಡು ಮೀಟರಿನೊಳಗೆ ಮುಗಿಯುತ್ತದೆ. ಪಂಪಿಗೆ ಮುಂಚೆ ಒಂದು ಪಾರದರ್ಶಕ ಫಿಲ್ಟರ್ ಹಾಕಿಸಿ. ಎಥನಾಲ್ ಟ್ಯಾಂಕಿನ ಹಳೇ ತುಕ್ಕನ್ನು ಎಬ್ಬಿಸುತ್ತದೆ, ಹಾಗಾಗಿ ಮೊದಲ ನೂರು ಕಿಲೋಮೀಟರಿಗೇ ಫಿಲ್ಟರ್ ಕೆಂಪಗಾದರೆ ಗಾಬರಿ ಬೇಡ. ಎರಡು ಹೆಚ್ಚುವರಿ ಇಟ್ಟುಕೊಳ್ಳಿ, ಅಷ್ಟೆ. ಟ್ಯಾಂಕ್ 38 ಲೀಟರಿನದು. ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ, ಪೆಟ್ರೋಲ್ ಕಡಿಮೆಯಾದಷ್ಟೂ ಕುಲುಕಾಟಕ್ಕೆ ತಳದ ಕಸ ಮೇಲೇಳುತ್ತದೆ.

ಇಗ್ನಿಷನ್, ಅಂದರೆ ಪೆಟ್ರೋಲಿಗೆ ಕಿಡಿ ಕೊಡುವ ವ್ಯವಸ್ಥೆಯ ವಿಷಯದಲ್ಲಿ ಮಾತ್ರ ಕೈಬಿಗಿ ಮಾಡಬೇಡಿ. ಪಾಯಿಂಟ್ ಸೆಟ್ (ಎಂಜಿನ್ ತಿರುಗಿದಂತೆ ತೆರೆದು ಮುಚ್ಚುವ ಪುಟ್ಟ ಸ್ವಿಚ್), ಕಂಡೆನ್ಸರ್, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ರೋಟರ್, ಕ್ಯಾಪ್, ನಾಲ್ಕು ಪ್ಲಗ್ ಎಲ್ಲವನ್ನೂ ಹೊಸದು ಹಾಕಿ, ಕಳಚಿದ ಹಳೆಯದನ್ನು ಎಸೆಯದೆ ಡಿಕ್ಕಿಯಲ್ಲಿಡಿ. ‘ಹೊಸದನ್ನೇ ಸ್ಪೇರ್ ಆಗಿಟ್ಟು ಹಳೆಯದರಲ್ಲೇ ಓಡಿಸೋಣ’ ಅನ್ನುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಹೊಸ ಕಂಡೆನ್ಸರುಗಳಲ್ಲಿ ಡಬ್ಬಿಯಿಂದಲೇ ಕೆಟ್ಟು ಬರುವುವೂ ಇವೆ. ಅದು ತುಮಕೂರಿನಲ್ಲೇ ಗೊತ್ತಾಗಲಿ, ತರೀಕೆರೆಯಲ್ಲಿ ಬೇಡ. ಬಿಡಿಭಾಗ ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಒಂದು ದಿನ ತಿರುಗಿ. ಪಾಯಿಂಟ್ ಗ್ಯಾಪ್ ಹೆಚ್ಚುಕಡಿಮೆ 0.4 ಮಿ.ಮೀ., ಪ್ಲಗ್ ಗ್ಯಾಪ್ 0.6 ಮಿ.ಮೀ. ಫೀಲರ್ ಗೇಜ್ ಮರೆತಿದ್ದರೆ ಪ್ಲಗ್ಗಿಗೆ ಹ್ಯಾಕ್ಸಾ ಬ್ಲೇಡಿನ ದಪ್ಪ ಸರಿಹೋಗುತ್ತದೆ, ಪಾಯಿಂಟಿಗೆ ದಪ್ಪ ವಿಸಿಟಿಂಗ್ ಕಾರ್ಡ್ ಸಾಕು, ಮುಂದಿನ ಊರು ಮುಟ್ಟಿಸುತ್ತದೆ.

ಈಗ ಕೆ.ಬಿ. ಕ್ರಾಸ್ ದಾಟಿದ್ದೀರಿ, ಎರಡೂ ಕಡೆ ತೆಂಗಿನ ತೋಟ, ಗಾಡಿ ಮಿಸ್ಸಿಂಗ್ ಹೊಡೆದು ನಿಂತಿತು ಅಂದುಕೊಳ್ಳಿ. ಹತ್ತಿರದ ಅಂಗಡಿಯಿಂದ ಯಾರಾದರೂ ಬಂದು ಬಾನೆಟ್ಟಿನೊಳಗೆ ಇಣುಕಿ ‘ಕಾರ್ಬುರೇಟರ್ ಬಿಚ್ಬೇಕು ಸಾರ್’ ಅನ್ನುವುದು ಖಂಡಿತ. ಬಿಚ್ಚಲು ಬಿಡಬೇಡಿ. ಏರ್ ಕ್ಲೀನರ್ ಮುಚ್ಚಳ ತೆಗೆದು ಕಾರ್ಬುರೇಟರಿನ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರ್ ಸರಳನ್ನು ಒಮ್ಮೆ ಕೈಯಲ್ಲೇ ಎಳೆಯಿರಿ. ಸಣ್ಣಗೆ ಪೆಟ್ರೋಲ್ ಚಿಮ್ಮಿದರೆ ಪೆಟ್ರೋಲಿನ ತೊಂದರೆಯಲ್ಲ, ಕರೆಂಟಿನದು.

ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನ ದಪ್ಪ ವೈರನ್ನು ಕಿತ್ತು, ಒಣ ಬಟ್ಟೆ ಸುತ್ತಿ ಹಿಡಿದು, ತುದಿಯನ್ನು ಎಂಜಿನ್ ಬ್ಲಾಕಿನಿಂದ ಆರು ಮಿ.ಮೀ. ದೂರದಲ್ಲಿಟ್ಟು ಸೆಲ್ಫ್ ಹೊಡೆಸಿ. ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು. ಚಟಚಟ ಎಂದು ನೀಲಿ ಕಿಡಿ ಬಂದರೆ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಭಾಗ) ತನಕ ಎಲ್ಲ ಸರಿ, ತಪ್ಪು ರೋಟರಿನಲ್ಲಿ ಅಥವಾ ಕ್ಯಾಪಿನಲ್ಲಿ. ಕಿಡಿ ಹಳದಿಗೆ ತಿರುಗಿ ಬಡಕಲಾಗಿದ್ದರೆ ಕಂಡೆನ್ಸರ್ ಮೇಲೆ ಅನುಮಾನ. ಕಿಡಿಯೇ ಇಲ್ಲದಿದ್ದರೆ ಇಂಡಿಕೇಟರಿನ 12 ವೋಲ್ಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಮನೆಯಿಂದಲೇ ತಂದಿರಬೇಕು, ಅದನ್ನು ಹೊರಗೆ ತೆಗೆಯಿರಿ. ಐದು ಸಾವಿರ ರೂಪಾಯಿಯ ಮಲ್ಟಿಮೀಟರಿಗಿಂತ ರಸ್ತೆಯಲ್ಲಿ ಈ ಬಲ್ಬೇ ವಾಸಿ. ಒಂದು ತುದಿ ಗಾಡಿಯ ಲೋಹದ ಬಾಡಿಗೆ, ಇನ್ನೊಂದು ಕಾಯಿಲ್ಲಿನ ಬ್ಯಾಟರಿ ಕಡೆಯ ಸ್ಕ್ರೂಗೆ. ಕೀ ಆನ್ ಮಾಡಿದಾಗ ಉರಿಯಬೇಕು. ಉರಿಯದಿದ್ದರೆ ಕೀ ಸ್ವಿಚ್ಚಿನಿಂದ ಅಲ್ಲಿಗೆ ಬರುವ ವೈರ್ ನೋಡಿ. ಉರಿದರೆ ಬಲ್ಬನ್ನು ಡಿಸ್ಟ್ರಿಬ್ಯೂಟರ್ ಕಡೆಯ ಸ್ಕ್ರೂಗೆ ಮುಟ್ಟಿಸಿ, ನಾಲ್ಕನೇ ಗೇರಿನಲ್ಲಿ ಗಾಡಿಯನ್ನು ಮೆಲ್ಲಗೆ ತಳ್ಳಿಸಿ. ಪಾಯಿಂಟ್ ತೆರೆದಾಗ ಬಲ್ಬ್ ಉರಿಯಬೇಕು, ಮುಚ್ಚಿದಾಗ ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಕೊಳೆಯಾಗಿದೆ ಅಥವಾ ಪೂರ್ತಿ ಮುಚ್ಚುತ್ತಿಲ್ಲ. ಸಣ್ಣ ಮರಳು ಕಾಗದ ಎಳೆದು ಒಣ ಬಟ್ಟೆಯಲ್ಲಿ ಒರೆಸಿ. ಉರಿಯಲೇ ಇಲ್ಲವೆಂದರೆ ಕರೆಂಟ್ ನೇರವಾಗಿ ಬಾಡಿಗೆ ಇಳಿಯುತ್ತಿದೆ. ಪಾಯಿಂಟ್ ಹೊಸದಾಗಿ ಕೂರಿಸಿದವರು ಸಣ್ಣ ಫೈಬರ್ ವಾಷರನ್ನು ತಪ್ಪು ಜಾಗದಲ್ಲಿ ಹಾಕಿರುತ್ತಾರೆ, ಇಲ್ಲವೇ ಕಂಡೆನ್ಸರ್ ಒಳಗೇ ಶಾರ್ಟ್ ಆಗಿರುತ್ತದೆ. ಕಂಡೆನ್ಸರ್ ವೈರ್ ಬಿಡಿಸಿ ನೋಡಿ, ಬಲ್ಬ್ ಉರಿದರೆ ಕಳ್ಳ ಸಿಕ್ಕಿದ. ಆಗಲೂ ಉರಿಯದೆ, ವಾಷರೂ ಸರಿಯಿದ್ದರೆ ಕಾಯಿಲ್ಲೇ ಒಳಗೆ ಕಡಿದಿದೆ.

ಕಂಡೆನ್ಸರ್ ಬಗ್ಗೆ ಇನ್ನೊಂದು ಮಾತು. ಅದು ಪದ್ಮಿನಿಯದೇ ಆಗಬೇಕೆಂದಿಲ್ಲ. ಅಂಬಾಸಿಡರಿನದೋ ಹಳೇ ಜೀಪಿನದೋ ನಡೆಯುತ್ತದೆ, ಡಿಸ್ಟ್ರಿಬ್ಯೂಟರಿನ ಒಳಗೇ ಕೂರಬೇಕೆಂದೂ ಇಲ್ಲ. ಹೊರಡುವ ಮುಂಚೆಯೇ ಕಾಯಿಲ್ ಕ್ಲಾಂಪಿನ ಬೋಲ್ಟಿಗೆ ಒಂದನ್ನು ಬಿಗಿದು, ವೈರಿನ ತುದಿಗೆ ಟೇಪ್ ಸುತ್ತಿ ಬಿಟ್ಟಿರಿ. ಕ್ಲಾಂಪ್ ಬಾಡಿಗೆ ಚೆನ್ನಾಗಿ ಅರ್ಥ್ ಆಗಿರಬೇಕು, ಪೇಂಟ್ ಇದ್ದರೆ ಕೆರೆಯಿರಿ. ಒಳಗಿನದು ಹೋದ ದಿನ ಅದರ ವೈರ್ ಬಿಡಿಸಿ, ಹೊರಗಿನದನ್ನು ಕಾಯಿಲ್ಲಿನ ಡಿಸ್ಟ್ರಿಬ್ಯೂಟರ್ ಕಡೆಯ ಸ್ಕ್ರೂಗೆ ಸೇರಿಸಿದರೆ ಐದು ನಿಮಿಷದ ಕೆಲಸ. ಮತ್ತೆ, ಎಂಜಿನ್ ನಿಲ್ಲಿಸಿ ಕೀ ಆನ್ ಇಟ್ಟು ಹಾಡು ಕೇಳುತ್ತಾ ಕೂರಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ ಕಾಯಿಲ್ಲಿನಲ್ಲಿ ಕರೆಂಟ್ ಒಂದೇ ಸಮನೆ ಹರಿದು ಅದು ಸುಟ್ಟುಹೋಗುತ್ತದೆ.

ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ ಓಡುತ್ತಿರುವಾಗ ಹತ್ತಿದರೆ ‘ಬ್ಯಾಟರಿ ಇದೆಯಲ್ಲ, ಮುಂದಿನ ಊರಲ್ಲಿ ನೋಡೋಣ’ ಅನ್ನಬೇಡಿ. ಡೈನಮೊ ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುವುದು. ಬೆಲ್ಟ್ ಕಡಿದಿದ್ದರೆ ಕೆಲವೇ ನಿಮಿಷದಲ್ಲಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ತಕ್ಷಣ ಪಕ್ಕಕ್ಕೆ ಹಾಕಿ. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ಬಗ್ಗಬೇಕು. ಅದಕ್ಕಿಂತ ಬಿಗಿ ಮಾಡಿದರೆ ಪಂಪಿನ ಬೇರಿಂಗ್ ಕೂಗಲು ಶುರು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಬಾರದು, ತೆರೆದ ಮೇಲೂ ತಣ್ಣೀರು ಸುರಿಯಬಾರದು. ಅರ್ಧ ಗಂಟೆ ಕಾಯುವುದಕ್ಕೆ ಕೂಲಿ ಕೊಡಬೇಕಾಗಿಲ್ಲ.

ಟೈರು, ಕಾಗದ ಬೇಗ ಮುಗಿಸೋಣ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಪಟ್ಟಿ ಹೊಸದರಂತೆ ಕಂಡರೂ ಹತ್ತು ವರ್ಷದ ಟೈರನ್ನು ನಂಬಬೇಡಿ. ಸ್ಟೆಪ್ನಿ ಜೊತೆಗೆ ಒಂದು ಟ್ಯೂಬ್ ಇರಲಿ. 15 ವರ್ಷ ದಾಟಿದ ಗಾಡಿಗೆ ಆರ್.ಸಿ. ಐದೈದು ವರ್ಷಕ್ಕೆ ನವೀಕರಣ, ಅದರ ದಿನಾಂಕ ನೋಡಿಕೊಳ್ಳಿ. ಎಮಿಷನ್, ಇನ್ಶೂರೆನ್ಸ್ ಹೇಗೂ ಬೇಕೇ ಬೇಕು.

ಬೆಳಿಗ್ಗೆ ಐದಕ್ಕೆ ಹೊರಡಿ. ಗಂಟೆಗೆ 60ರ ಆಸುಪಾಸಿನಲ್ಲಿ ಈ ಎಂಜಿನ್ ಸುಖವಾಗಿರುತ್ತದೆ, 80ಕ್ಕೆ ಏರಿಸಿದರೆ ಸದ್ದೂ ಬಿಸಿಯೂ ಹೆಚ್ಚು, ಉಳಿಯುವ ಸಮಯ ಅಷ್ಟರಲ್ಲೇ ಇದೆ. ಅರಸೀಕೆರೆಯಲ್ಲಿ ಒಮ್ಮೆ ನಿಲ್ಲಿಸಿ ನಾಲ್ಕೂ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿ. ಮೂರು ಬೆಚ್ಚಗಿದ್ದು ಒಂದು ಕೆಂಡದ ಹಾಗಿದ್ದರೆ ಆ ಚಕ್ರದ ಬ್ರೇಕ್ ಬಿಡುತ್ತಿಲ್ಲ. ಸಿಲಿಂಡರ್ ಹಿಡಿದಿರಬೇಕು ಅಥವಾ ಒಳಗೇ ಊದಿಕೊಂಡ ಬ್ರೇಕ್ ಹೋಸ್ ಆಯಿಲನ್ನು ಹಿಂದಕ್ಕೆ ಬಿಡುತ್ತಿಲ್ಲ. ಇದನ್ನು ಶಿವಮೊಗ್ಗ ದಾಟುವ ಮುಂಚೆಯೇ ಸರಿಪಡಿಸಿ. ಸಾಗರ ದಾಟಿದ ಮೇಲೆ ಪದ್ಮಿನಿಯ ವೀಲ್ ಸಿಲಿಂಡರ್ ಕಿಟ್ ಕೇಳಿದರೆ ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ. ಜೂನಿನಿಂದ ಸೆಪ್ಟೆಂಬರ್ ತನಕ ಈ ಕಡೆ ಹೋಗುವ ಯೋಚನೆಯೇ ಬೇಡ. ಮಲೆನಾಡಿನ ಮಳೆಗೆ ಈ ಗಾಡಿಯ ವೈಪರ್ ಏನೇನೂ ಸಾಲದು. ನೀರು ಹೊಕ್ಕ ಡ್ರಮ್ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ. ಹಳೇ ಡೈನಮೊ ಗಾಡಿಯಾದರೆ ಲೈಟು, ವೈಪರ್ ಎರಡೂ ಹಾಕಿ ನಿಧಾನ ಹೋಗುವಾಗ ಚಾರ್ಜೇ ಆಗುವುದಿಲ್ಲ.

ಘಾಟಿಗೆ ಮುಂಚೆ, ಅಂದರೆ ಮನೆಯಲ್ಲೇ, ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿರಬೇಕು. ಅದು ಗಾಳಿಯ ತೇವ ಹೀರುತ್ತದೆ. ಇಳಿಜಾರಿನಲ್ಲಿ ಡ್ರಮ್ ಕಾದಾಗ ಆ ತೇವ ಕುದಿದು ಆವಿಯಾಗುತ್ತದೆ, ಪೆಡಲ್ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಕೆಳಗೆ ಹೋಗುತ್ತದೆ. ಮಾವಿನಗುಂಡಿಯಲ್ಲೇ ಎರಡನೇ ಗೇರಿಗೆ ಬಂದುಬಿಡಿ. ಮೊದಲನೆಯದಕ್ಕೆ ಸಿಂಕ್ರೊ (ಗೇರುಗಳ ವೇಗ ಹೊಂದಿಸುವ ಭಾಗ) ಇಲ್ಲ. ಇಳಿಯುತ್ತಿರುವಾಗ ಅದಕ್ಕೆ ಹಾಕಬೇಕೆಂದರೆ ಡಬಲ್ ಡೀಕ್ಲಚ್ (ನ್ಯೂಟ್ರಲ್ಲಿನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕುವುದು) ಬರಬೇಕು, ಬರದವರು ತಿರುವಿನಲ್ಲಿ ನ್ಯೂಟ್ರಲ್ಲಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಬ್ರೇಕಿನ ಮೇಲೆ ಕಾಲು ಊರಿಕೊಂಡೇ ಇರಬೇಡಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಲೈನಿಂಗ್ ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಬಿಡಿ. ಡ್ರಮ್ಮಿಗೆ ನೀರು ಹಾಕಿದರೆ ಬಿರುಕು ಬಿಡುತ್ತದೆ. ಹೊರಡುವಾಗ ಕಲ್ಲನ್ನು ರಸ್ತೆಯಿಂದ ಆಚೆ ಎಸೆಯಿರಿ. ಘಾಟಿಗಳಲ್ಲಿ ರಾತ್ರಿ ಬೈಕಿನವರನ್ನು ಬೀಳಿಸುವುದು ಹೀಗೆ ಮರೆತು ಬಿಟ್ಟ ಕಲ್ಲುಗಳೇ.

ವಾಪಸ್ ಹತ್ತುವಾಗಿನ ತೊಂದರೆ ಬೇರೆ. ಕರಾವಳಿಯ ಸೆಕೆ, ಎರಡನೇ ಗೇರು, ಮುಂದೊಂದು ಲಾರಿ. ಎಂಜಿನ್ ಬ್ಲಾಕಿಗೇ ಕಚ್ಚಿಕೊಂಡಿರುವ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ, ಟ್ಯಾಂಕ್ ಖಾಲಿಯಾದ ಹಾಗೆ ಗಾಡಿ ಜಗ್ಗಿ ಜಗ್ಗಿ ನಿಲ್ಲುತ್ತದೆ. ಗ್ಯಾರೇಜಿನವರು ಏರ್ ಲಾಕ್ ಅನ್ನುವುದು ಇದನ್ನೇ. ಎಥನಾಲ್ ಬಂದ ಮೇಲೆ ಇದು ಜಾಸ್ತಿ. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕಿ, ಬಿಸಿ ಮ್ಯಾನಿಫೋಲ್ಡಿಗೆ ತಾಗದ ಹಾಗೆ. ಬಾನೆಟ್ ತೆರೆದು ಹದಿನೈದು ನಿಮಿಷ ಬಿಡಿ, ಪಂಪಿಗೆ ಕೈಲಿವರ್ ಇದ್ದರೆ ಹತ್ತು ಸಲ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ. ಗೇರುಸೊಪ್ಪೆಯನ್ನು ಬೆಳಿಗ್ಗೆ ಏಳರೊಳಗೆ ಬಿಟ್ಟರೆ ಇಷ್ಟೆಲ್ಲ ಬೇಕಾಗುವುದೇ ಇಲ್ಲ. ಮೇಲೆ ಮಾವಿನಗುಂಡಿ ಮುಟ್ಟಿದೊಡನೆ ಕೀ ತಿರುಗಿಸಿ ಆಫ್ ಮಾಡಬೇಡಿ. ನೀರು ಸುತ್ತುವುದು ನಿಂತರೆ ಹೆಡ್ಡಿನ ಬಿಸಿ ಅಲ್ಲೇ ಕೂತು ಕುದಿಯುತ್ತದೆ. ಎರಡು ನಿಮಿಷ ಹಾಗೇ ಓಡಲು ಬಿಟ್ಟು, ಟೆಂಪರೇಚರ್ ಮುಳ್ಳು ಇಳಿಯಲು ಶುರುವಾದ ಮೇಲೆ ನಿಲ್ಲಿಸಿ ಚಹಾಕ್ಕೆ ಇಳಿಯಿರಿ.