ಹಳೇ ಜೀಪಿನಲ್ಲಿ ಉಡುಪಿ, ಆಗುಂಬೆ, ಶೃಂಗೇರಿ, ಮಾಳ: ಸ್ಪ್ಯಾನರ್ ಹಿಡಿಯಲು ಕಲಿತು ಹೊರಡಿ

ನಮ್ಮದು ಮಹೀಂದ್ರಾ ಎಂಎಂ 540. ಒಳಗೆ 2112 ಸಿಸಿಯ ಪೂಜೋ ಡೀಸೆಲ್ ಇಂಜಿನ್. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ದಾರಿಯಲ್ಲಿ ನಿಂತರೂ ಹೆಚ್ಚಿನ ಸಲ ನಾವೇ ಸರಿಮಾಡಿ ಹೊರಡಬಹುದು. ಮಳೆಗಾಲ ಮುಗಿದ ಮೇಲೆ ಭಾವನ ಜೊತೆ ಒಂದು ಸುತ್ತು ಹೋಗಿ ಬಂದೆ. ಹೆಬ್ರಿ, ಆಗುಂಬೆ, ಶೃಂಗೇರಿ, ವಾಪಸ್ ಮಾಳದ ಮೇಲಿಂದ ಕಾರ್ಕಳ.

ಮೊದಲು ಬ್ರೇಕ್. ಕರಾವಳಿಯ ಉಪ್ಪುಗಾಳಿಗೆ ಇಡೀ ಗಾಡಿ ತುಕ್ಕು ಹಿಡಿಯುತ್ತದೆ, ಬ್ರೇಕ್ ಶೂ ಒತ್ತುವ ವೀಲ್ ಸಿಲಿಂಡರ್ ಕೂಡ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಘಾಟಿ ಇಳಿಯುವಾಗ ಚಕ್ರದ ಬ್ರೇಕ್ ಡ್ರಮ್ ಕಾದರೆ ಆ ನೀರು ಆವಿಯಾಗಿ ಪೆಡಲ್ ಸೀದಾ ಕೆಳಗೆ ಹೋಗುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ಸಿಲಿಂಡರ್ ಬಿಚ್ಚಿದರೆ ರಬ್ಬರನ್ನು ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆಯಲೇಬೇಡಿ, ಉಬ್ಬುತ್ತದೆ. ಹೊಸ ಬ್ರೇಕ್ ಆಯಿಲ್‌ನಲ್ಲೇ ತೊಳೆಯಿರಿ.

ಸ್ಪ್ಯಾನರ್ ಎರಡು ಬಗೆಯವು ಬೇಕು. ಇಂಜಿನ್‌ಗೆ ಮಿಲಿಮೀಟರ್ ನಟ್, ಛಾಸಿಯಲ್ಲಿ ಬಹಳ ಕಡೆ ಇಂಚಿನ ನಟ್. ಫ್ಯಾನ್ ಬೆಲ್ಟ್, ಡೀಸೆಲ್ ಹೋಸ್, ಕ್ಲಿಪ್, ಫಿಲ್ಟರ್, ಫ್ಯೂಸ್ ಜೊತೆಗಿರಲಿ.

ಹೆಬ್ರಿ ದಾಟಿದ ಮೇಲೆ, ಸೋಮೇಶ್ವರಕ್ಕೆ ಮೊದಲೇ, ಜೀಪು ಎಳೆಯಲು ತಿಣುಕಿತು. ಎರಡು ಸಲ ಕೆಮ್ಮಿ ನಿಂತಿತು.

"ಎಂತ ಆಯ್ತು ಮಾರಾಯ್ರೆ? ಡೀಸೆಲ್ ಉಂಟಲ್ಲ?" ಅಂದರು ಭಾವ, ಸೆಲ್ಫ್ ಹೊಡೆಯುತ್ತಾ.

"ಸಾಕು ಭಾವ, ಬ್ಯಾಟರಿ ಇಳಿದರೆ ಆಮೇಲೆ ತಳ್ಳಬೇಕು. ಗಾಳಿ ಹಿಡಿದಿದೆ."

ಹಳೇ ಡೀಸೆಲ್ ಗಾಡಿಯಲ್ಲಿ ಇದು ಮಾಮೂಲು. ಟ್ಯಾಂಕಿನಿಂದ ಪಂಪಿಗೆ ಬರುವ ಹೋಸ್ ಬಿರುಕು ಬಿಟ್ಟರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ. ಹೊರಗೆ ಡೀಸೆಲ್ ಸೋರದೇ ಇರಬಹುದು, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು ಹೋಸನ್ನು ಉದ್ದಕ್ಕೂ ಬಗ್ಗಿಸಿ ನೋಡಿದೆವು. ಕ್ಲಿಪ್ಪಿನ ಬುಡದಲ್ಲೇ ಬಿರುಕಿತ್ತು. ಅಷ್ಟನ್ನು ಕತ್ತರಿಸಿ, ಉಳಿದದ್ದನ್ನು ಒಳಕ್ಕೆ ತಳ್ಳಿ ಕ್ಲಿಪ್ ಬಿಗಿದೆವು. ನಂತರ ಒಳಗೆ ಸೇರಿದ ಗಾಳಿ ಹೊರಹಾಕಲು ಡೀಸೆಲ್ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಯಿಂದ ಡೀಸೆಲ್ ತಳ್ಳುವ ಹ್ಯಾಂಡ್ ಪಂಪ್ ಒತ್ತಬೇಕು. ಮೊದಲು ಗುಳ್ಳೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬರುವಾಗ, ಪಂಪ್ ಒತ್ತುತ್ತಿರುವಂತೆಯೇ ಸ್ಕ್ರೂ ಬಿಗಿಯಿರಿ. ಇಂಜಿನ್‌ಗೆ ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಹೀಗೇ ಮಾಡಿ. ಆಮೇಲಷ್ಟೇ ಹೀಟರ್ (ಇಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್) ಕೊಟ್ಟು ಸೆಲ್ಫ್. ಇದನ್ನು ಮನೆಯಂಗಳದಲ್ಲಿ ಒಮ್ಮೆ ಮಾಡಿ ನೋಡಿಯೇ ಹೊರಡಿ. ಪಾನಾ ಯಾವುದು, ಸ್ಕ್ರೂ ಎಲ್ಲಿದೆ ಅಂತ ಕೈಗೆ ಗೊತ್ತಿರಬೇಕು. ಹೊರಡುವಾಗ ಕಲ್ಲನ್ನು ರಸ್ತೆಯಿಂದ ಪಕ್ಕಕ್ಕೆ ಎತ್ತಿಡಿ. ರಾತ್ರಿ ಬೈಕಿನವರು ಬರುತ್ತಾರೆ, ಅಲ್ವಾ?

ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಫೋರ್ ವೀಲ್ ಡ್ರೈವ್ ಹಾಕಬೇಡಿ. ಒಣ ಟಾರು ರಸ್ತೆಯಲ್ಲಿ ಮುಂದಿನ, ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡುತ್ತವೆ. ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೆ, ಅಂದರೆ ಅದರ ಕೀಲಿಗೆ, ಪೆಟ್ಟು. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ, ಸಾಕು.

ಶೃಂಗೇರಿಯಲ್ಲಿ ಡೀಸೆಲ್, ನೀರು, ಇಂಜಿನ್ ಆಯಿಲ್ ನೋಡಿಕೊಳ್ಳಿ. ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ತನಿಕೋಡು ಚೆಕ್‌ಪೋಸ್ಟ್ ದಾಟಿದರೆ ಸುಮ್ನೆ ನಿಲ್ಲಿಸುವಂತಿಲ್ಲ. ಬೆಳಕಿರುವಾಗಲೇ ದಾಟಿ. ಹಳೇ ಗಾಡಿಯಾದ್ದರಿಂದ ನವೀಕರಿಸಿದ ಆರ್‌ಸಿ, ಎಮಿಷನ್ ಸರ್ಟಿಫಿಕೇಟ್ ಕೈಗೆಟಕುವಲ್ಲಿ ಇರಲಿ.

ಮಾಳದ ಇಳಿಜಾರಿನಲ್ಲಿ ಸೆಕೆಂಡ್ ಗೇರ್ ಬಿಡಬೇಡಿ. ಕೆಳಗೆ ಬಂದ ಮೇಲೆ ನಿಲ್ಲಿಸಿ, ನಾಲ್ಕೂ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಮಾತ್ರ ಜಾಸ್ತಿ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಶೂ ಕಚ್ಚಿಕೊಂಡಿದೆ. ನೀರು ಸುರಿಯಬೇಡಿ, ಡ್ರಮ್ ಬಿರುಕು ಬಿಡಬಹುದು. ತಣಿದ ಮೇಲೆ ಜಾಕ್ ಕೊಟ್ಟು, ಚಕ್ರ ಸಲೀಸಾಗಿ ತಿರುಗುವಷ್ಟು ಅಡ್ಜಸ್ಟರ್ ಸಡಿಲಿಸಿ ಕಾರ್ಕಳದ ಕಡೆ ಹೊರಡಿ.