ಪಕ್ ನೋಡ್ಬೇಡ ಚಿಕ್ಕಮ್ಮ

ಅಕ್ಕನ ಮಗಳಿಗೆ ಹನ್ನೊಂದು ವರ್ಷ. ಮಕ್ಕಳ ಐಸ್ ಹಾಕಿ ತಂಡದಲ್ಲಿ ಗೋಲ್‌ಕೀಪರ್. ಈ ಸುದ್ದಿ ಕೇಳಿದ ದಿನದಿಂದ ನನಗೆ ಸಮಾಧಾನ ಇರಲಿಲ್ಲ. ಪಕ್ ಅನ್ನುವ ಗಟ್ಟಿ ರಬ್ಬರ್ ಬಿಲ್ಲೆಯನ್ನು ಯಾರೋ ಬೀಸಿ ಹೊಡೆಯುತ್ತಾರೆ, ಇವಳು ಅದಕ್ಕೆ ಎದುರಾಗಿ ನಿಲ್ಲುತ್ತಾಳೆ. ಪೆಟ್ಟು ಬರುತ್ತಿದ್ದರೆ ಯಾರಾದರೂ ಪಕ್ಕಕ್ಕೆ ಸರಿಯುತ್ತಾರೆ. ಗೋಲ್‌ಕೀಪರ್ ಮಾತ್ರ ಅದು ತನ್ನ ಮೈಗೇ ಬೀಳಲಿ ಅಂತ ಅಡ್ಡ ಹೋಗಬೇಕು. ಈ ಹುಡುಗಿಗೆ ಇದೇ ಯಾಕೆ ಬೇಕಾಯ್ತು? ಫೋನಿನಲ್ಲಿ ಅಕ್ಕನನ್ನು ಎಷ್ಟೋ ಸಲ ಕೇಳಿದ್ದೆ. "ನೀನೇ ಬಂದು ಅವಳನ್ನೇ ಕೇಳು" ಅನ್ನುತ್ತಿದ್ದಳು.

ಚಳಿಗಾಲದಲ್ಲಿ ಅಕ್ಕನ ಮನೆಗೆ ಹೋದಾಗ ಕೇಳಿದೆ. ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿದಳು. ಉತ್ತರ ಹೇಳಲಿಲ್ಲ. "ಶನಿವಾರ ಎನ್‌ಎಚ್‌ಎಲ್ ಮ್ಯಾಚ್ ಇದೆ ಚಿಕ್ಕಮ್ಮ. ನನ್ನ ಜೊತೆ ಬಾ" ಅಂದಳು. ಎನ್‌ಎಚ್‌ಎಲ್ ಅಂದರೆ ಅಮೆರಿಕ, ಕೆನಡಾದ ತಂಡಗಳು ಆಡುವ ದೊಡ್ಡ ಐಸ್ ಹಾಕಿ ಲೀಗ್.

ಸೀಟು ಆರಿಸಿದ್ದೂ ಅವಳೇ. ಗೋಲ್‌ನ ಹಿಂದೆ, ಗಾಜಿನ ಗೋಡೆಯಿಂದ ಆರನೇ ಸಾಲು. ಉದ್ದದ ಬದಿಯಲ್ಲಿ ನಡುವೆ ಕೂತರೆ ಆಟ ಪೂರ್ತಿ ಚೆನ್ನಾಗಿ ಕಾಣುತ್ತಲ್ವಾ ಅಂದೆ. ಅವಳ ಲೆಕ್ಕ ಬೇರೆ. ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಪೀರಿಯಡ್. ಪ್ರತಿ ಪೀರಿಯಡ್‌ಗೂ ತಂಡಗಳು ಕಡೆ ಬದಲಿಸುತ್ತವೆ. ಈ ಸೀಟಿನಲ್ಲಿ ಕೂತರೆ ನಮ್ಮವರ ಗೋಲ್‌ಕೀಪರ್ ಮೊದಲನೇದರಲ್ಲೂ ಮೂರನೇದರಲ್ಲೂ ನಮ್ಮ ಮುಂದೆಯೇ ಇರುತ್ತಾನೆ. ನಮ್ಮವರು ಅಂದರೆ ಕೆಂಪು ಜರ್ಸಿಯವರು. ಊರಿನ ತಂಡಕ್ಕೆ ಗಾಢ ಬಣ್ಣ, ಹೊರಗಿನಿಂದ ಬಂದವರಿಗೆ ಬಿಳಿ.

ಒಳಗೆ ಕಾಲಿಟ್ಟ ತಕ್ಷಣ ಮುಖಕ್ಕೆ ತಣ್ಣನೆ ಗಾಳಿ ಬಡಿಯಿತು. ಮೆಟ್ಟಿಲು ಇಳಿಯುತ್ತಾ ಕೆಳಗೆ ನೋಡಿದೆ, ಹಾಗೇ ನಿಂತುಬಿಟ್ಟೆ. ಅಷ್ಟು ಬಿಳಿ ನಾನು ಬೇರೆಲ್ಲೂ ನೋಡಿರಲಿಲ್ಲ. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲ, ಒಂದು ಗೀರಿಲ್ಲ. ಆ ಬಿಳಿ ಐಸಿನದಲ್ಲ, ಬಣ್ಣದ್ದು ಅಂತ ಪುಟ್ಟಿ ಹೇಳಿದಳು. ಕಾಂಕ್ರೀಟ್ ನೆಲದೊಳಗೆ ಕೊಳವೆಗಳಿವೆ. ಅದರಲ್ಲಿ ತುಂಬಾ ತಣ್ಣಗಿನ ದ್ರವ ಹರಿಯುತ್ತಾ ಇರುತ್ತದೆ. ಅದರ ಮೇಲೆ ನೀರು ಚಿಮುಕಿಸಿ, ಪದರ ಪದರವಾಗಿ ಹೆಪ್ಪುಗಟ್ಟಿಸಿ, ನಡುವೆ ಬಿಳಿ ಬಳಿದು, ಗೆರೆಗಳನ್ನು ಎಳೆದು, ಮತ್ತೆ ಮೇಲೆ ನೀರು. ಇಷ್ಟೆಲ್ಲಾ ಸೇರಿದರೂ ಐಸಿನ ದಪ್ಪ ಸುಮಾರು ಒಂದು ಇಂಚು. ನೂರು ಕಿಲೋ ತೂಗುವ ಆಳುಗಳು ಉಕ್ಕಿನ ಅಲಗು ಕಟ್ಟಿಕೊಂಡು ರಾತ್ರಿಯೆಲ್ಲಾ ಓಡಾಡುವುದು ಅಷ್ಟು ತೆಳುವಾದ ಪದರದ ಮೇಲೆ.

ನಮ್ಮ ಮುಂದೆ ಗಾಜಿನ ಗೋಡೆ ಇತ್ತು. ಅದರ ಮೇಲೆ ಚಾವಣಿಯಿಂದ ಒಂದು ತೆಳು ಬಲೆ ಇಳಿಬಿಟ್ಟಿದ್ದರು. "ಅದು ನಮಗೋಸ್ಕರ" ಅಂದಳು ಪುಟ್ಟಿ. 2002ರ ಮಾರ್ಚ್‌ನಲ್ಲಿ ಅಮೆರಿಕದ ಕೊಲಂಬಸ್ ಊರಿನ ಒಂದು ಪಂದ್ಯದಲ್ಲಿ ಪಕ್ ಗಾಜಿನ ಮೇಲಿಂದ ಹಾರಿ ಜನರ ನಡುವೆ ಬಿತ್ತು. ನೋಡಲು ಬಂದಿದ್ದ ಹದಿಮೂರು ವರ್ಷದ ಹುಡುಗಿಯ ತಲೆಗೆ ಬಡಿಯಿತು. ಎರಡು ದಿನದ ನಂತರ ಆ ಮಗು ತೀರಿಕೊಂಡಿತು. ಮುಂದಿನ ಸೀಸನ್‌ನಿಂದ ಎನ್‌ಎಚ್‌ಎಲ್‌ನ ಎಲ್ಲ ಕ್ರೀಡಾಂಗಣಗಳಲ್ಲೂ ಎರಡೂ ಗೋಲ್‌ಗಳ ಹಿಂದೆ ಬಲೆ ಕಡ್ಡಾಯವಾಯಿತು. ಕೂತು ಐದು ನಿಮಿಷವಾದ ಮೇಲೆ ಬಲೆ ಕಣ್ಣಿಗೆ ಕಾಣಿಸುವುದೇ ಇಲ್ಲ. ನಾನು ಮಾತ್ರ ಆಗಾಗ ತಲೆಯೆತ್ತಿ ಅದನ್ನು ನೋಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದವಳಿಗೂ ಹೆಚ್ಚು ಕಡಿಮೆ ಅದೇ ವಯಸ್ಸು.

ಆಟ ಶುರುವಾಯಿತು. ಮೊದಲ ಕೆಲವು ನಿಮಿಷ ನನಗೆ ಏನೂ ತಿಳಿಯಲಿಲ್ಲ. ಪಕ್ ಅಂದರೆ ಮೂರು ಇಂಚು ಅಗಲದ, ಒಂದು ಇಂಚು ದಪ್ಪದ ಕಪ್ಪು ಬಿಲ್ಲೆ. ತೂಕ ಸುಮಾರು 160 ಗ್ರಾಂ. ಪುಟಿಯಬಾರದು ಅಂತ ಆಟಕ್ಕೆ ಮುಂಚೆ ಅದನ್ನು ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿಟ್ಟಿರುತ್ತಾರೆ. ಬಿಳಿ ಐಸ್ ಮೇಲೆ ಕಪ್ಪು ಬಿಲ್ಲೆ ಚೆನ್ನಾಗಿ ಕಾಣಬೇಕು, ಅಲ್ವಾ? ಕಾಣುತ್ತಿರಲಿಲ್ಲ. ಇಲ್ಲಿದೆ ಅನ್ನುವಷ್ಟರಲ್ಲಿ ಅಲ್ಲಿರುತ್ತಿತ್ತು. ಕಣ್ಣಿಗಿಂತ ಮೊದಲು ಕಿವಿಗೇ ಎಲ್ಲಾ ಗೊತ್ತಾಗುತ್ತಿತ್ತು. ಟೀವಿಯಲ್ಲಿ ಈ ಸದ್ದುಗಳು ನನಗೆ ಕೇಳಿಸಿರಲಿಲ್ಲ. ಸ್ಕೇಟಿನ ಅಲಗು ಐಸನ್ನು ಕೆರೆಯುವ ಸರ್ ಸರ್, ಸ್ಟಿಕ್ಕಿಗೆ ಪಕ್ ತಾಗುವ ಟಕ್. ಇಬ್ಬರು ಒಬ್ಬರಿಗೊಬ್ಬರು ಢಿಕ್ಕಿಯಾಗಿ ಗಾಜಿಗೆ ಅಪ್ಪಳಿಸಿದರೆ ಗೋಡೆಯೇ ನಡುಗುತ್ತಿತ್ತು. ಒಂದು ಸಲ ಪಕ್ ನೇರ ನಮ್ಮ ಮುಂದಿನ ಗಾಜಿಗೆ ಬಂದು ಬಡಿಯಿತು. ನಾನು ಕೈ ಅಡ್ಡ ಹಿಡಿದು ಬಗ್ಗಿದೆ. ಪುಟ್ಟಿ ರೆಪ್ಪೆ ಕೂಡ ಮಿಟುಕಿಸಲಿಲ್ಲ.

ಆಟಗಾರರು ಬೇರೆ ಒಂದೇ ಸಮನೆ ಬದಲಾಗುತ್ತಿದ್ದರು. ಒಂದೊಂದು ಕಡೆ ಐಸ್ ಮೇಲೆ ಇರುವುದು ಆರೇ ಜನ: ಗೋಲ್‌ಕೀಪರ್, ಇಬ್ಬರು ಡಿಫೆನ್ಸ್, ಮೂವರು ಫಾರ್ವರ್ಡ್. ಆದರೆ ಯಾರೂ ಒಂದು ನಿಮಿಷದ ಮೇಲೆ ನಿಲ್ಲುವುದಿಲ್ಲ. ನಲವತ್ತು ಐವತ್ತು ಸೆಕೆಂಡ್ ಮೈಯಲ್ಲಿರುವ ಶಕ್ತಿಯನ್ನೆಲ್ಲ ಸುರಿದು ಓಡುತ್ತಾರೆ, ಆಮೇಲೆ ಬೆಂಚಿಗೆ ಬಂದು ಬೀಳುತ್ತಾರೆ. ಇವರು ಬಾಗಿಲಿನಿಂದ ಒಳಗೆ ಬರುವಾಗಲೇ ಇನ್ನೊಬ್ಬರು ಹಲಗೆ ಗೋಡೆ ಹಾರಿ ಐಸಿಗೆ ಇಳಿದಿರುತ್ತಾರೆ. ಆಟ ನಿಲ್ಲುವುದೇ ಇಲ್ಲ. ಯಾರು ಯಾರು ಅಂತ ಗುರುತು ಹಿಡಿಯುವಷ್ಟರಲ್ಲಿ ಎಲ್ಲರೂ ಬೇರೆಯಾಗಿರುತ್ತಿದ್ದರು.

ನಾನು ಆ ಕಡೆ ಈ ಕಡೆ ಕತ್ತು ತಿರುಗಿಸುವುದನ್ನು ಪುಟ್ಟಿ ನೋಡಿದಳು. ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದಳು. "ಪಕ್ ನೋಡ್ಬೇಡ ಚಿಕ್ಕಮ್ಮ. ಇವನನ್ನ ನೋಡು."

ನೋಡಿದೆ. ಆ ರಾತ್ರಿ ನನಗೆ ಆಟ ಶುರುವಾಗಿದ್ದು ಆಗ.

ಅವನು ಬದಲಾಗುವುದಿಲ್ಲ. ಉಳಿದವರೆಲ್ಲ ಬರುತ್ತಾರೆ, ಹೋಗುತ್ತಾರೆ. ಅವನು ಮಾತ್ರ ಗೋಲ್ ಮುಂದಿನ ನೀಲಿ ಜಾಗದಲ್ಲಿ ಒಬ್ಬನೇ. ಪಕ್ ಆ ತುದಿಯಲ್ಲಿದ್ದಾಗ ಸ್ವಲ್ಪ ನೆಟ್ಟಗಾಗುತ್ತಾನೆ, ಭುಜ ಸಡಿಲ ಬಿಡುತ್ತಾನೆ. ಮಧ್ಯದ ಗೆರೆ ದಾಟಿತೋ, ಮೊಣಕಾಲು ಬಾಗುತ್ತದೆ. ನೀಲಿ ಗೆರೆ ದಾಟಿದರೆ ಮೈಯೆಲ್ಲ ಚಿಕ್ಕದಾಗುತ್ತದೆ. ಅವನ ತಲೆ ಸಣ್ಣ ಸಣ್ಣದಾಗಿ ತಿರುಗುತ್ತಿತ್ತು. ಆ ತಲೆ ತಿರುಗಿದ ಕಡೆಗೆ ನೋಡಿದರೆ ಸಾಕು, ಪಕ್ ಅಲ್ಲೇ ಇರುತ್ತಿತ್ತು. ಅಷ್ಟು ಹೊತ್ತು ನಾನು ಹುಡುಕಿ ಸಿಗದ ಪಕ್ ಅವನ ಬೆನ್ನು ನೋಡಿದರೆ ಸಿಗುತ್ತಿತ್ತು.

ಗೋಲ್ ಬಿಟ್ಟು ಎರಡು ಹೆಜ್ಜೆ ಯಾಕೆ ಮುಂದೆ ಬರ್ತಾನೆ ಅಂತ ಕೇಳಿದೆ. ಗೋಲ್ ಬಾಯಿ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಅದನ್ನು ಬಿಟ್ಟು ಮುಂದೆ ಬಂದರೆ ಹಿಂದೆ ಜಾಗ ಖಾಲಿಯಾಗುತ್ತದಲ್ಲ? ಪುಟ್ಟಿ ಅಂಗೈ ನನ್ನ ಕಣ್ಣಿನಿಂದ ದೂರ ಹಿಡಿದಳು. ಆಮೇಲೆ ಹತ್ತಿರ ತಂದಳು. "ಈಗ ಐಸ್ ಎಷ್ಟು ಕಾಣ್ತಿದೆ? ಪಕ್‌ಗೆ ಕಣ್ಣಿದೆ ಅಂತ ಅಂದ್ಕೋ. ಅವನು ಹತ್ತಿರ ಬಂದಷ್ಟೂ ಅದಕ್ಕೆ ಗೋಲ್ ಕಾಣಲ್ಲ." ಹನ್ನೊಂದು ವರ್ಷದ ಮಗು ಇದನ್ನು ಇಷ್ಟು ಸಲೀಸಾಗಿ ಹೇಳಿದ್ದು ಕೇಳಿ ನನಗೆ ತುಂಬಾ ಸಂತೋಷವಾಯಿತು. ಪೆಟ್ಟು ತಿನ್ನುವುದು ಮಾತ್ರ ಅವಳ ಕೆಲಸ ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ.

ಮೊದಲ ಪೀರಿಯಡ್‌ನ ಕೊನೆಯಲ್ಲಿ ನಮ್ಮವರಲ್ಲಿ ಒಬ್ಬ ಎದುರಾಳಿಯ ಕಾಲಿಗೆ ಸ್ಟಿಕ್ ಸಿಕ್ಕಿಸಿ ಬೀಳಿಸಿದ. ಎರಡು ನಿಮಿಷ ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂರಬೇಕು. ಗೋಲ್‌ಕೀಪರ್ ಬಿಟ್ಟು ಅವರು ಐವರು, ನಾವು ನಾಲ್ವರು. ಬಿಳಿ ಜರ್ಸಿಯವರು ಗೋಲ್ ಸುತ್ತ ನಿಂತು ಆತುರವಿಲ್ಲದೆ ಪಕ್ ದಾಟಿಸತೊಡಗಿದರು. ಒಂದು ಹೊಡೆತವನ್ನು ಅವನು ಮೊಣಕಾಲೂರಿ ಕಾಲಿನ ಪ್ಯಾಡ್ ಹರಡಿ ತಡೆದ. ಇನ್ನೊಂದನ್ನು ಕೈಗವಸಿನಲ್ಲಿ ಹಿಡಿದ. ಮೂರನೇದಕ್ಕೆ ಅವನ ಮುಂದೆ ಎದುರಾಳಿಯೊಬ್ಬ ಬೆನ್ನು ತಿರುಗಿಸಿ ಅಡ್ಡ ನಿಂತಿದ್ದ. ಅವನಿಗೆ ಪಕ್ ಕಾಣಿಸಲೇ ಇಲ್ಲ. ನಮ್ಮ ಕಣ್ಣ ಮುಂದೆಯೇ ಗೋಲ್ ಹಿಂದಿನ ಕೆಂಪು ದೀಪ ಹತ್ತಿತು. ಕೂಗುತ್ತಿದ್ದ ಸಾವಿರಾರು ಜನ ಒಂದೇ ಸಲ ಸುಮ್ಮನಾದರು.

ನಾನು ಪುಟ್ಟಿಯ ಮುಖ ನೋಡಿದೆ. ಅವಳು ಅವನನ್ನೇ ನೋಡುತ್ತಿದ್ದಳು. ಗೋಲ್ ಮೇಲಿಟ್ಟಿದ್ದ ನೀರಿನ ಬಾಟಲಿ ತಗೊಂಡ. ಒಂದು ಗುಟುಕು ಕುಡಿದ. ಎಡಗಡೆ ಕಂಬವನ್ನು ಸ್ಟಿಕ್ಕಿನಿಂದ ಮುಟ್ಟಿದ, ಬಲಗಡೆ ಕಂಬ ಮುಟ್ಟಿದ. ಬಾಗಿ ನಿಂತ. ಅಷ್ಟೇ.

ವಿರಾಮದಲ್ಲಿ ಎರಡು ಜಾಂಬೋನಿ ಗಾಡಿಗಳು ಬಂದವು. ಮೇಲಿನ ಗೀರು ಕೆರೆದು, ತೊಳೆದು, ತೆಳುವಾಗಿ ಬಿಸಿನೀರು ಬಿಟ್ಟುಕೊಂಡು ಹೋದವು. ಅವು ಹಾದು ಹೋದ ಜಾಗ ಕನ್ನಡಿಯಾಗುತ್ತಿತ್ತು. ಅದನ್ನು ನೋಡುತ್ತಾ ಪುಟ್ಟಿ ಒಂದು ಕಥೆ ಹೇಳಿದಳು. ಅವಳು ಅದನ್ನು ಹೇಳಿದ ರೀತಿ, ನಮ್ಮ ಮನೆಯ ಹಿರಿಯರೊಬ್ಬರ ಕಥೆ ಅನ್ನುವ ಹಾಗಿತ್ತು. ಹಿಂದೆ ಗೋಲ್‌ಕೀಪರ್‌ಗಳು ಮುಖಕ್ಕೆ ಏನೂ ಹಾಕದೆ ಆಡುತ್ತಿದ್ದರು. 1959ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್ ಮುಖಕ್ಕೆ ಪಕ್ ಬಡಿಯಿತು. ಹೊಲಿಗೆ ಹಾಕಿದರು. ಅಭ್ಯಾಸದ ವೇಳೆ ಹಾಕಿಕೊಳ್ಳುತ್ತಿದ್ದ ಮಾಸ್ಕ್ ಹಾಕಿಕೊಂಡರೆ ಮಾತ್ರ ಮತ್ತೆ ಐಸಿಗೆ ಇಳಿಯುತ್ತೇನೆ ಅಂದರು ಪ್ಲಾಂಟ್. ಕೋಚ್‌ಗೆ ಇಷ್ಟವಿರಲಿಲ್ಲ. ಆದರೆ ತಂಡದಲ್ಲಿ ಸಿದ್ಧವಾಗಿ ಕೂತ ಇನ್ನೊಬ್ಬ ಗೋಲ್‌ಕೀಪರ್ ಇರಲಿಲ್ಲ. ಒಪ್ಪಿದರು. ಮಾಸ್ಕ್ ಹಾಕಿ ಆಡಿದ ಪ್ಲಾಂಟ್ ಆ ಪಂದ್ಯ ಗೆದ್ದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹಾಕತೊಡಗಿದರು.

"ಅವರು ಹೆದರಿ ಹಾಕಿದ್ದಲ್ಲ ಚಿಕ್ಕಮ್ಮ" ಅಂದಳು. "ಮತ್ತೆ ಹೋಗಿ ನಿಲ್ಲೋಕೆ ಹಾಕಿದ್ದು." ನಾನು ಅವಳ ಕೈ ಹಿಡಿದುಕೊಂಡೆ. 2012ರಲ್ಲಿ ಎನ್‌ಎಚ್‌ಎಲ್‌ನ ಒಂದು ಸ್ಪರ್ಧೆಯಲ್ಲಿ ಜ್ಡೆನೋ ಚಾರಾ ಹೊಡೆದ ಪಕ್ ಗಂಟೆಗೆ 175 ಕಿಲೋಮೀಟರ್ ವೇಗದಲ್ಲಿ ಹೋಗಿತ್ತು ಅಂತ ಓದಿದ್ದೆ. ಬರುವ ಮುಂಚೆ ನಾನು ಓದಿಕೊಂಡಿದ್ದೆಲ್ಲ ಅಂಥದ್ದೇ. ಅವಳು ತಿಳಿದುಕೊಂಡಿದ್ದು ಬೇರೆ.

ಎರಡನೇ ಪೀರಿಯಡ್‌ನಲ್ಲಿ ನಮ್ಮ ಗೋಲ್‌ಕೀಪರ್ ಆ ತುದಿಗೆ ಹೋದ. ಇಬ್ಬರು ಕೈಗವಸು ಬಿಸಾಡಿ ಹೊಡೆದಾಡಿದರು, ಐದೈದು ನಿಮಿಷ ಶಿಕ್ಷೆಯಾಯಿತು. ಸುತ್ತಲಿನವರು ಎದ್ದು ನಿಂತು ಕೇಕೆ ಹಾಕಿದರು. ನನಗೆ ಹಿಡಿಸಲಿಲ್ಲ. ಇಷ್ಟು ಚೆಂದದ ಆಟಕ್ಕೆ ಅದು ಬೇಕಾಗಿಲ್ಲ ಅಂತಲೇ ಈಗಲೂ ಅನ್ನಿಸುತ್ತದೆ. ಪುಟ್ಟಿ ಅದನ್ನು ನೋಡಲೇ ಇಲ್ಲ. ಅವಳ ಕಣ್ಣು ಆ ತುದಿಯಲ್ಲಿ ಸುಮ್ಮನೆ ನಿಂತಿದ್ದವನ ಮೇಲಿತ್ತು. ಸ್ವಲ್ಪ ಹೊತ್ತಿಗೆ ನಮ್ಮವರು ನಮ್ಮ ಮುಂದಿನ ಗೋಲ್‌ಗೆ ಪಕ್ ನುಗ್ಗಿಸಿದರು. ಚಾವಣಿ ಹಾರಿಹೋಗುವಂತೆ ಹಾರ್ನ್ ಮೊಳಗಿತು. ಹಿಂದಿನ ಸೀಟಿನ ಅಜ್ಜಿ ಪರಿಚಯವೇ ಇಲ್ಲದ ನನ್ನ ಭುಜ ಹಿಡಿದು ಅಲ್ಲಾಡಿಸಿದರು. 1-1.

ಮೂರನೇ ಪೀರಿಯಡ್‌ಗೆ ಅವನು ಮತ್ತೆ ನಮ್ಮ ಕಡೆ ಬಂದ. ಜಾಂಬೋನಿ ಹೋದ ಮೇಲೆ ನೀಲಿ ಜಾಗ ಗಾಜಿನ ಹಾಗೆ ಜಾರುತ್ತಿರುತ್ತದೆ. ಅವನು ಅಡ್ಡಡ್ಡ ಸ್ಕೇಟ್ ಎಳೆದು ಅದನ್ನೆಲ್ಲ ಕೆರೆದ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಕಾಲು ಹಿಡಿತಕ್ಕೆ ಸಿಗಬೇಕಲ್ಲ. ಕೆರೆದು ಎದ್ದ ಐಸ್ ಪುಡಿಯನ್ನು ಕಂಬದ ಕಡೆ ತಳ್ಳಿದ. ಎಡ ಕಂಬ, ಬಲ ಕಂಬ.

ಎಷ್ಟು ತಡೆದ ಅಂತ ಲೆಕ್ಕ ಇಡಲಿಲ್ಲ. ಒಂದು ಸಲ ಪಕ್ ಕಂಬಕ್ಕೆ ಬಡಿದು ಟಣ್ ಅಂತು. ಇಡೀ ಕ್ರೀಡಾಂಗಣ ಉಸಿರು ಬಿಟ್ಟ ಸದ್ದು ಕೇಳಿಸಿತು. ಆರು ನಿಮಿಷ ಉಳಿದಿದ್ದಾಗ ತಡೆದ ಪಕ್ ಪುಟಿದು ಎದುರಾಳಿಯ ಸ್ಟಿಕ್ಕಿಗೇ ಸಿಕ್ಕಿತು. 2-1. ಬಾಟಲಿ, ಒಂದು ಗುಟುಕು, ಎಡ ಕಂಬ, ಬಲ ಕಂಬ. ಈ ಸಲ ನಾನೂ ಅದನ್ನೇ ಕಾಯುತ್ತಿದ್ದೆ.

ಕೊನೆಯ ಎರಡು ನಿಮಿಷದೊಳಗೆ ಬಂದಾಗ ಅವನು ಬೆಂಚಿನ ಕಡೆ ನೋಡತೊಡಗಿದ. ಯಾರೋ ಕೈ ಬೀಸಿದರು. ಅವನು ಗೋಲ್ ಬಿಟ್ಟು ಜೋರಾಗಿ ಬೆಂಚಿಗೆ ಓಡಿದ. ನಾನು ಗಾಬರಿಯಾದೆ. ಅವನ ಬದಲು ಇನ್ನೊಬ್ಬ ದಾಳಿಗೆ ಇಳಿಯುತ್ತಾನೆ, ಆರು ಜನ ಸೇರಿ ಗೋಲ್ ಹೊಡೆಯೋಕೆ ನೋಡುತ್ತಾರೆ ಅಂತ ಪುಟ್ಟಿ ಹೇಳಿದಳು. ಸೋಲುತ್ತಿರುವಾಗ ಉಳಿದಿರುವ ದಾರಿ ಅದೊಂದೇ. ನಮ್ಮ ಮುಂದೆ ಗೋಲ್ ಬಾಯಿ ತೆರೆದುಕೊಂಡು ಖಾಲಿ ನಿಂತಿತ್ತು. ಅವನು ಕೆರೆದ ಗೀರುಗಳು ಮಾತ್ರ ಇದ್ದವು.

ಆ ತುದಿಯಲ್ಲಿ ದೊಡ್ಡ ನುಗ್ಗಾಟ. ಅದರ ನಡುವಿನಿಂದ ಬಿಳಿ ಜರ್ಸಿಯವನೊಬ್ಬ ಪಕ್ಕನ್ನು ಹೊರಗೆ ತಳ್ಳಿದ. ಅದು ನಮ್ಮ ಕಡೆ ಜಾರಿಕೊಂಡು ಬರತೊಡಗಿತು. ಜೋರಾಗಿ ಅಲ್ಲ, ನಿಧಾನವಾಗಿ. ಕೆಂಪು ಜರ್ಸಿಯ ಒಬ್ಬ ಹಿಂದೆ ಬಿದ್ದು ಓಡಿ ಬಂದ. ಸಿಗಲಿಲ್ಲ. ಆ ರಾತ್ರಿ ಮೊದಲ ಸಲ ನಾನು ಪಕ್ಕನ್ನು ಉದ್ದಕ್ಕೂ ನೋಡಿದೆ. ಆ ನೀಲಿ ಗೆರೆ ದಾಟಿದ್ದು, ಮಧ್ಯದ ಕೆಂಪು ಗೆರೆ ದಾಟಿದ್ದು, ನಮ್ಮ ಕಡೆಯ ನೀಲಿ ಗೆರೆ ದಾಟಿದ್ದು. ಸ್ವಲ್ಪ ವಾಲಿತು, ಕಂಬದ ಪಕ್ಕ ಹೋಗಬಹುದು ಅನ್ನಿಸಿತು. ಹೋಗಲಿಲ್ಲ. ಗೀರುಗಳ ಮೇಲೆ ಹಾದು ಒಳಗೆ ಹೋಗಿ ಬಲೆ ಮುಟ್ಟಿ ನಿಂತಿತು. ಕೆಂಪು ದೀಪ. 3-1.

ಜನ ಎದ್ದರು. ಕೋಟು ಹಾಕಿಕೊಂಡು ಮೆಟ್ಟಿಲು ಹತ್ತತೊಡಗಿದರು. ನಾನೂ ಏಳಲು ಹೋದೆ. ಪುಟ್ಟಿ ನನ್ನ ತೋಳು ಹಿಡಿದು ಕೂರಿಸಿದಳು. "ಇರು."

ಉಳಿದಿದ್ದು 22 ಸೆಕೆಂಡ್. ಆಟ ಮುಗಿದ ಹಾಗೆಯೇ. ಬೆಂಚಿನ ಬಾಗಿಲು ತೆರೆಯಿತು. ಅವನು ಆತುರವಿಲ್ಲದೆ ಬಂದ. ಬಲೆಯೊಳಗೆ ನೋಡಲಿಲ್ಲ. ನೀಲಿ ಜಾಗದಲ್ಲಿ ಎಡದಿಂದ ಬಲಕ್ಕೆ ಕೆರೆದ, ಬಲದಿಂದ ಎಡಕ್ಕೆ ಕೆರೆದ. ಎಡ ಕಂಬ ಮುಟ್ಟಿದ. ಬಲ ಕಂಬ ಮುಟ್ಟಿದ. ಮೊಣಕಾಲು ಬಾಗಿಸಿ, ಭುಜ ಇಳಿಸಿ, ಮೊದಲನೇ ನಿಮಿಷದಲ್ಲಿ ನಿಂತಿದ್ದ ಹಾಗೆಯೇ ನಿಂತ.

"ನೋಡಿದ್ಯಾ?" ಅಂದಳು ಪುಟ್ಟಿ.

"ನೋಡಿದೆ."

ಅವನು ಐಸ್ ಬಿಟ್ಟು ಹೋಗುವವರೆಗೂ ಕೂತಿದ್ದೆವು. ಮನೆಗೆ ಹೋಗುವಾಗ ಕಾರಿನಲ್ಲಿ ನಾನು ಆ ಹಳೆಯ ಪ್ರಶ್ನೆ ಮತ್ತೆ ಕೇಳಲಿಲ್ಲ. ಅವಳ ಮುಂದಿನ ಮ್ಯಾಚ್ ಎಷ್ಟು ಗಂಟೆಗೆ ಅಂತ ಕೇಳಿದೆ. ಬೆಳಗ್ಗೆ ಏಳಕ್ಕೆ ಅಂದಳು. ಗೋಲ್ ಹಿಂದೆ ನಿಲ್ಲೋಕೆ ಜಾಗ ಇರುತ್ತಾ ಅಂತ ಕೇಳಿದೆ.