ಬಲೆ ಯಾವ ಕಡೆ ಇದೆ?

ರಜೆಗೆ ಊರಿಗೆ ಬಂದ ಎರಡನೇ ದಿನ ಬೆಳಗ್ಗೆಯೇ ಮನೆ ಮುಂದೆ ಜೋರು ಮಾತು. ನಮ್ಮೂರು ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಯ ದಡದಲ್ಲಿ. ತಿಂಥಣಿಗೆ ದೂರವಿಲ್ಲ. ಕಾಕಾ ಕಟ್ಟೆ ಮೇಲೆ ಹರಿದ ಬಲೆ ಹರವಿಕೊಂಡು ಕೂತಿದ್ದರು. ಹರಿದದ್ದು ದೊಡ್ಡಪ್ಪನ ಮಗ, ನನ್ನ ತಮ್ಮನ ಇಂಜಿನ್ ದೋಣಿಯ ಫ್ಯಾನಿಗೆ ಸಿಕ್ಕು.

“ಇಷ್ಟುದ್ದ ಬಲೆ ಕಾಣಂಗಿಲ್ಲೇನು ನಿನಗ?”

“ಕತ್ತಲದಾಗ ಹೆಂಗ ಕಾಣ್ತದ ಕಾಕಾ? ಒಂದು ಗುರ್ತರ ಇಡಬೇಕಿಲ್ಲ?”

ನಾನು ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್. ಈ ಜಗಳ ನನಗೆ ಹೊಸದಲ್ಲ. ಅರಬ್ಬೀ ಸಮುದ್ರದಲ್ಲಿ ಒಂದು ರಾತ್ರಿ ಇದೇ ಜಗಳದಲ್ಲಿ ನಾನೇ ಒಂದು ಕಡೆ ಇದ್ದೆ. ತಪ್ಪೂ ನನ್ನದೇ ಆಗಿತ್ತು.

ಆಗ ಥರ್ಡ್ ಆಫೀಸರ್ ಆಗಿ ನನ್ನ ಮೊದಲ ವರ್ಷ. ರಾತ್ರಿ 8ರಿಂದ 12ರ ಪಾಳಿ. 190 ಮೀಟರ್ ಉದ್ದದ ಹಡಗು, ಹೊಟ್ಟೆ ತುಂಬ ಸರಕು. ಕೊಚ್ಚಿ ದಾಟಿ ಉತ್ತರಕ್ಕೆ ಹೊರಟಿದ್ದೆವು, ನಮ್ಮ ಕರ್ನಾಟಕದ ಕರಾವಳಿ ಬಲಗಡೆ ಎಲ್ಲೋ ದೂರದಲ್ಲಿತ್ತು. ಆಗಸ್ಟ್ ತಿಂಗಳು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಮೀನು ಹಿಡಿಯುವ ಹಾಗಿಲ್ಲ. ನಿಷೇಧ ಮುಗಿದ ಮೇಲೆ ನೀರಿನ ಮೇಲೆ ಜಾತ್ರೆ ನೆರೆದಂತೆ ಇರುತ್ತದೆ. ಟ್ರಾಲ್ ಬಲೆ ಎಳೆಯುವ ದೋಣಿ ಬಿಳಿ ದೀಪದ ಮೇಲೆ ಹಸಿರು ದೀಪ ಹಾಕಬೇಕು, ಬೇರೆ ಬಲೆಯವರು ಬಿಳಿಯ ಮೇಲೆ ಕೆಂಪು. ಇದು ನಿಯಮ. ಆದರೆ ಅಲ್ಲಿ ಕಾಣುವುದು ಎಲ್ಲಾ ಬಣ್ಣದ ಮಿಣಿಮಿಣಿ ಎಲ್‌ಇಡಿ. ಯಾವುದು ದೋಣಿ, ಯಾವುದು ಬಲೆಯ ತುದಿ ಅಂತ ಹೇಳುವುದೇ ಕಷ್ಟ.

ಎದುರಿಗೆ ಒಂದು ದೋಣಿ ಇತ್ತು. ರೇಡಾರಿನಲ್ಲಿ ಐದು ಮೈಲಿ ದೂರ. ಎಡಕ್ಕೆ ಐದು ಡಿಗ್ರಿ ತಿರುಗಿಸಿದೆ. ಸಾಲದು ಅನಿಸಿತು, ಇನ್ನೈದು. ಮತ್ತೆ ಐದು. ಅಷ್ಟರಲ್ಲಿ ಆ ದೋಣಿಯಿಂದ ಯಾರೋ ನಮ್ಮ ಕಡೆ ಟಾರ್ಚ್ ಬಿಡಲು ಶುರು ಮಾಡಿದರು. ನನ್ನ ಜೊತೆ ಕಾವಲಿಗೆ ನಿಂತಿದ್ದವನು, ‘ಇವರದು ಯಾವಾಗಲೂ ಇದೇ ಕಾಟ’ ಅಂದ. ನಾನೂ ಹಾಗೇ ಅಂದುಕೊಂಡೆ. ಆಮೇಲೆ ರೇಡಿಯೊದ 16ನೇ ಚಾನೆಲ್‌ನಲ್ಲಿ ಕೂಗು ಕೇಳಿಸಿತು.

“ದೊಡ್ಡ ಶಿಪ್ಪು, ದೊಡ್ಡ ಶಿಪ್ಪು! ಬಲೆ ಉಂಟು, ಬಲೆ ಉಂಟು!”

ಕನ್ನಡ! ಮೈಕ್ ಎತ್ತಿಕೊಂಡು ಕೇಳಿದೆ, “ಅಣ್ಣಾ, ಬಲೆ ಯಾವ ಕಡೆ ಇದೆ?”

ಒಂದು ಕ್ಷಣ ಆ ಕಡೆಯಿಂದ ಮಾತೇ ಇಲ್ಲ.

“ನೀವು ಕನ್ನಡದವರಾ ಮಾರಾಯ್ರೇ? ಬಲೆ ಪಶ್ಚಿಮಕ್ಕೆ ಉಂಟು, ಎರಡು ಕಿಲೋಮೀಟರ್. ನೀವು ಬಲೆ ಮೇಲೆಯೇ ಬರ್ತಾ ಇದ್ದೀರಿ.”

ಉತ್ತರಕ್ಕೆ ಹೋಗುವ ಹಡಗಿಗೆ ಎಡ ಅಂದರೆ ಪಶ್ಚಿಮ. ಅವರಿಗೆ ದಾರಿ ಬಿಡುತ್ತೇನೆ ಅಂದುಕೊಂಡು ನಾನು ಅವರ ಅನ್ನದ ಮೇಲೆಯೇ ಹಡಗು ನಡೆಸುತ್ತಿದ್ದೆ. ಕೂಡಲೇ ಬಲಕ್ಕೆ 45 ಡಿಗ್ರಿ ತಿರುಗಿಸಿದೆ, ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ಅವರು ಮೇಲೆ ಬಂದು, ದೋಣಿ ನಮ್ಮನ್ನು ದಾಟುವ ತನಕ ಕಿಟಕಿ ಹತ್ತಿರ ಸುಮ್ನೆ ನಿಂತಿದ್ದರು. ಬೈಯಲಿಲ್ಲ. ಆಮೇಲೆ ಕೇಳಿದರು: “ನೀನು ಐದೈದು ಡಿಗ್ರಿ ತಿರುಗಿದ್ದು ಅವನಿಗೆ ಕಾಣುತ್ತಾ? ಆ ಕತ್ತಲಲ್ಲಿ ಅವನಿಗೆ ಕಾಣೋದು ನಿನ್ನ ದೀಪಗಳು, ಅಷ್ಟೇ. ಅವು ಎದ್ದು ಕಾಣುವಷ್ಟು ಬದಲಾದರೆ ಮಾತ್ರ ನೀನು ತಿರುಗಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತಾಗೋದು.”

ಹಡಗುಗಳು ಡಿಕ್ಕಿಯಾಗದಂತೆ ತಡೆಯುವ ಅಂತರರಾಷ್ಟ್ರೀಯ ನಿಯಮಗಳಿವೆ. 1972ರಲ್ಲಿ ಒಪ್ಪಿದ್ದು, 1977ರಿಂದ ಜಾರಿಯಲ್ಲಿವೆ. ಅದರ 8ನೇ ನಿಯಮ ಹೇಳುವುದು ಇದನ್ನೇ: ತಿರುಗುವುದಾದರೆ ಸಾಕಷ್ಟು ಮುಂಚೆ ತಿರುಗಿ, ಎದುರಿನವರ ಕಣ್ಣಿಗೆ ಬೀಳುವಷ್ಟು ತಿರುಗಿ, ಚೂರುಚೂರು ತಿರುಗಬೇಡಿ. ಪರೀಕ್ಷೆಯಲ್ಲಿ ಇದನ್ನು ಬಾಯಿಪಾಠ ಒಪ್ಪಿಸಿದ್ದೆ. ಇದು ಬರೀ ಲೆಕ್ಕಾಚಾರವಲ್ಲ, ಇನ್ನೊಬ್ಬನ ಎದೆಬಡಿತ ಕಡಿಮೆ ಮಾಡುವ ಮರ್ಯಾದೆ ಅಂತ ಅವತ್ತು ಗೊತ್ತಾಯಿತು.

ಮೀನುಗಾರರಿಗೂ ನಮ್ಮ ಕಷ್ಟ ಗೊತ್ತಿರುವುದಿಲ್ಲ. ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಬರುವ ಅಂಥ ಹಡಗಿನ ಇಂಜಿನ್ ಹಿಂದಕ್ಕೆ ತಿರುಗಿಸಿದರೂ ನಿಲ್ಲಲು ಎರಡು ಕಿಲೋಮೀಟರಿನಷ್ಟು ನೀರು ಬೇಕು. ಇನ್ನೊಂದು, ಮೂತಿಯ ಮುಂದಿನ ನೀರು ನಮಗೆ ಕಾಣುವುದೇ ಇಲ್ಲ. ಹಡಗಿನ ಎರಡರಷ್ಟು ಉದ್ದ ಅಥವಾ 500 ಮೀಟರ್, ಯಾವುದು ಕಡಿಮೆಯೋ ಅಷ್ಟರವರೆಗೆ ಮರೆ ಇರಬಹುದು ಅಂತ ನಿಯಮವೇ ಒಪ್ಪುತ್ತದೆ. ನಮ್ಮ ಹಡಗಿಗೆ ಅದು 380 ಮೀಟರ್. ಅಷ್ಟರೊಳಗೆ ಅಡ್ಡ ಬಂದ ಸಣ್ಣ ದೋಣಿ ಬದುಕಿತೋ ಇಲ್ಲವೋ ಅಂತ ತಿಳಿಯಲು ನಾವು ಇನ್ನೊಂದು ಕಡೆಯ ಕಿಟಕಿಗೆ ಓಡಬೇಕು. ಹಾಗೆ ಓಡಿದ್ದೇನೆ. ಆ ಕೆಲವು ಕ್ಷಣ ಯಾರಿಗೂ ಬೇಡ.

ಹಾಯಿದೋಣಿಯವರ ಕಥೆ ಬೇರೆ. ಮುಂಬೈ ಬಂದರಿಗೆ ಹೋಗುವಾಗ ಒಮ್ಮೆ ಒಂದು ಹಾಯಿದೋಣಿ ಆಚೆಗೊಮ್ಮೆ ಈಚೆಗೊಮ್ಮೆ ಓಡುತ್ತಿತ್ತು. ‘ಇವನಿಗೆ ದಾರಿ ಗೊತ್ತಿಲ್ಲವಾ?’ ಅಂತ ಒಬ್ಬರು ಸಿಟ್ಟಾದರು. ನನಗೆ ಕಾಕಾನ ಹರಗೋಲು ನೆನಪಾಯಿತು. ಬಸವಸಾಗರದಿಂದ ನೀರು ಬಿಟ್ಟು ಸೆಳವು ಜಾಸ್ತಿಯಾದಾಗ ಕಾಕಾ ಆಚೆ ದಡಕ್ಕೆ ನೇರ ಹುಟ್ಟು ಹಾಕುವುದಿಲ್ಲ. ದಡದಲ್ಲೇ ಅಷ್ಟು ದೂರ ಮೇಲಕ್ಕೆ ಹೋಗಿ, ಅಲ್ಲಿಂದ ಓರೆಯಾಗಿ ಇಳಿಯುತ್ತಾರೆ. ಹಾಯಿದೋಣಿಯೂ ಗಾಳಿಗೆ ಎದುರಾಗಿ ನೇರ ಹೋಗಲಾರದು, ಸುಮಾರು 45 ಡಿಗ್ರಿ ಓರೆಯಾಗಿ ಆಚೆ ಈಚೆ ಹಾಯ್ದೇ ಮುಂದೆ ಹೋಗಬೇಕು. ತೆರೆದ ಸಮುದ್ರದಲ್ಲಿ ಇಂಜಿನ್ ಹಡಗು ಹಾಯಿಗೆ, ಬಲೆ ಹಾಕಿದವರಿಗೆ ದಾರಿ ಬಿಡಬೇಕು. ಬಂದರಿನ ಇಕ್ಕಟ್ಟು ಕಾಲುವೆಯಲ್ಲಿ, ಅದನ್ನು ಬಿಟ್ಟು ಆಚೆ ಹೋಗಲಾಗದ ದೊಡ್ಡ ಹಡಗಿಗೆ ಹಾಯಿದೋಣಿ ಅಡ್ಡಿಯಾಗಬಾರದು. ಎಲ್ಲ ಕಡೆ, ಎಲ್ಲ ಹೊತ್ತೂ ‘ದಾರಿ ನನ್ನದು’ ಅನ್ನುವ ಹಕ್ಕು ಯಾರಿಗೂ ಇಲ್ಲ. ನನಗೆ ಈ ನಿಯಮಗಳಲ್ಲಿ ಬಹಳ ಇಷ್ಟವಾದದ್ದು ಇದೇ.

ಮನೆಯ ಜಗಳಕ್ಕೆ ಬರುತ್ತೇನೆ. ಮಧ್ಯಾಹ್ನ ಇಬ್ಬರನ್ನೂ ಕಾಕಾನ ಪಡಸಾಲೆಯಲ್ಲಿ ಕೂರಿಸಿದೆ. ಗೋಡೆ ಮೇಲೆ ಅಂಬಿಗರ ಚೌಡಯ್ಯನವರ ಫೋಟೋ, ಕೆಳಗೆ ಜೋಳದ ರೊಟ್ಟಿಯ ಬುಟ್ಟಿ. ಆ ರಾತ್ರಿಯ ಕಥೆ ಹೇಳಿದೆ. ತಲೆ ತಗ್ಗಿಸಿ ಕೇಳಿದ ತಮ್ಮ. ಕಾಕಾ ಒಂದೇ ಮಾತು ಕೇಳಿದರು, “ಅವರ ಬಲೆ ಉಳೀತಾ?”

ಉಳಿಯಿತು ಅಂದೆ.

ಸಂಜೆ ಸುರಪುರದಿಂದ ರೇಡಿಯಂ ಪಟ್ಟಿ ತಂದೆವು, ಟ್ರ್ಯಾಕ್ಟರ್ ಟ್ರಾಲಿ ಹಿಂದೆ ಅಂಟಿಸುತ್ತಾರಲ್ಲ, ಅದೇ. ಕಾಕಾ ಬಲೆಗೆ ಕಟ್ಟುವ ಖಾಲಿ ಎಣ್ಣೆ ಡಬ್ಬಿಗಳಿಗೆ ಸುತ್ತಲೂ ಅಂಟಿಸಿದೆವು. ಹನ್ನೊಂದು ಡಬ್ಬಿ. ತಮ್ಮ ಕತ್ತಲಾದ ಮೇಲೆ ದಡದಲ್ಲಿ ನಿಂತು ಟಾರ್ಚ್ ಬಿಟ್ಟು ಎಣಿಸಿದ. ಒಂಬತ್ತು ಕಂಡವು. ಉಳಿದೆರಡು ಮಗುಚಿ ಪಟ್ಟಿ ನೀರೊಳಗೆ ಹೋಗಿತ್ತು. ಮರುದಿನ ಅವಕ್ಕೆ ತಳದಲ್ಲೂ ಅಂಟಿಸಿದೆವು. ಹರಿದ ಬಲೆಯ ಅರ್ಧ ಖರ್ಚು ಕೊಡುತ್ತೇನೆ ಅಂದ ತಮ್ಮ, ಕಾಕಾ ಬೇಡ ಅನ್ನಲಿಲ್ಲ.

ಅಲೆಯ ಮಾತು ಮಾತ್ರ ಇನ್ನೂ ಬಾಕಿ ಇದೆ. ಹರಗೋಲು ಕಂಡಾಗ ತಮ್ಮ ಇಂಜಿನ್ ವೇಗ ಇಳಿಸುತ್ತಾನೆ, ಆದರೆ ತೀರಾ ಹತ್ತಿರ ಬಂದ ಮೇಲೆ. ಅವನ ದೋಣಿ ದಾಟಿ ಹೋದ ಮೇಲೆ ಅಲೆ ಬಂದು ಕಾಕಾನ ಹರಗೋಲಿಗೆ ಹೊಡೆಯುತ್ತದೆ. ಕಾಕಾ ಹುಟ್ಟು ಅಡ್ಡ ಹಿಡಿದು, ಅದು ಇಳಿಯುವ ತನಕ ಕಾಯುತ್ತಾರೆ. ನಾಳೆ ಅವನನ್ನು ಆ ಹರಗೋಲಿನಲ್ಲಿ ಕೂರಿಸಿ, ಅವನ ದೋಣಿ ನಾನು ಓಡಿಸಬೇಕು ಅಂತಿದ್ದೇನೆ.